ಹುಡುಕಿದರೂ ಸಿಗದ ಶಸ್ತ್ರವೈದ್ಯೆಯಿಂದ ಆಯ್ಕೆ ಸಮಿತಿಗೆ

ಶಸ್ತ್ರವೈದ್ಯರ ವಾರ್ಷಿಕ ಸಮ್ಮೇಳನದ ಭಾಷಣಕಾರರನ್ನು ಆರಿಸುವ ಸಮಿತಿಯ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಸಮಿತಿಯ ಎಂಟು ಮಂದಿ ಮಹನೀಯರೂ, ತಮ್ಮೆಲ್ಲರ ಕನ್ನಡಕಗಳೂ ಕ್ಷೇಮವೆಂದು ನಂಬಿದ್ದೇನೆ. ಕನ್ನಡಕವನ್ನು ಬೇಕೆಂದೇ ವಿಚಾರಿಸಿದೆ.

ಈ ಸಲದ ಆಹ್ವಾನ ಪತ್ರಿಕೆ ಕೈಸೇರಿತು. ನಲವತ್ತೆರಡು ಭಾಷಣ, ನಲವತ್ತೆರಡು ಭಾಷಣಕಾರರು, ನಲವತ್ತೆರಡು ಟೈ. ಹೆಂಗಸರು ಒಬ್ಬರೂ ಇಲ್ಲವಲ್ಲ ಎಂದು ಯಾರೋ ಕೇಳಿದ್ದಕ್ಕೆ, ಆರು ತಿಂಗಳು ಹುಡುಕಿದೆವು, ತಕ್ಕವರು ಸಿಗಲೇ ಇಲ್ಲ ಎಂದು ತಾವು ನೊಂದುಕೊಂಡಿರಂತೆ. ಕೇಳಿ ನನಗೂ ಕರುಳು ಚುರುಕ್ ಎಂದಿತು. ಕಳೆದ ವರ್ಷ ಸಭಾಂಗಣದ ಬಾಗಿಲಲ್ಲೇ ಮೇಜು ಹಾಕಿಕೊಂಡು ಕೂತು ತಮ್ಮೆಲ್ಲರ ಕೊರಳಿಗೆ ಬ್ಯಾಡ್ಜು ಹಾಕಿದ ನಾಲ್ವರೂ ಶಸ್ತ್ರವೈದ್ಯೆಯರೇ. ತಾವು ಬಗ್ಗಿ ಕೊರಳೊಡ್ಡಿದಾಗ ಕಣ್ಣು ಮುಚ್ಚಿಕೊಂಡಿದ್ದಿರಬೇಕು.

ನನ್ನ ಕಸುಬು ಇಷ್ಟು: ಪಿತ್ತಕೋಶ ತೆಗೆಯುವಾಗ ಯಾರಾದರೂ ಕೈತಪ್ಪಿ ಪಕ್ಕದ ಪಿತ್ತನಾಳವನ್ನೂ ಕತ್ತರಿಸಿಬಿಟ್ಟರೆ, ಕಣ್ಣು ಉಗುರೆಲ್ಲ ಹಳದಿಯಾಗಿ ಬರುವ ರೋಗಿಯ ಆ ನಾಳವನ್ನು, ಕೂದಲಿನಷ್ಟು ತೆಳ್ಳಗಿನ ನೂಲಿನಿಂದ ಕರುಳಿಗೆ ಜೋಡಿಸಿ ಹೊಲಿಯುತ್ತೇನೆ. ಹತ್ತೊಂಬತ್ತು ವರ್ಷಗಳಲ್ಲಿ ಇನ್ನೂರ ಹನ್ನೆರಡು ಮಂದಿಗೆ ಹೊಲಿದಿದ್ದೇನೆ. ಅವರಲ್ಲಿ ಹಲವರ ಮೊದಲ ಆಪರೇಷನ್ ಮಾಡಿದವರು ತಮ್ಮ ಪಟ್ಟಿಯ ಭಾಷಣಕಾರರೇ ಆದ್ದರಿಂದ, ನನ್ನ ವಿಳಾಸ ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಈ ಹೊಲಿಗೆಯ ಬಗ್ಗೆ ಹನ್ನೆರಡು ನಿಮಿಷದ ಭಾಷಣವಿದೆ ಎಂದು ಕೇಳಿದಾಗ, ಮುಚ್ಚಿಡುವುದೇಕೆ, ನನಗೆ ಆಸೆಯಾಯಿತು. ತಾವೇ ಫೋನ್ ಮಾಡಿದಿರಿ. ಆ ಆಪರೇಷನ್ ಮಾಡುವವರು ಬೇಕಿತ್ತು ಎಂದಿರಿ. ನಾನೇ, ಹೇಳಿ ಎಂದೆ. ತಾವು ಎಷ್ಟು ಮೃದುವಾಗಿ ನಕ್ಕಿರಿ!

"ಇರ್ಲಿ, ಸರ್‌ಗೆ ಫೋನ್ ಕೊಡಮ್ಮ."

ಕೋಣೆಯಲ್ಲಿ ಕಣ್ಣಾಡಿಸಿದೆ. ಇದ್ದದ್ದು ನಾನು, ಒಂದು ಬೀರು, ಗಾಜಿನ ಭರಣಿಯಲ್ಲಿ ರೋಗಿಗಳ ಪಿತ್ತದ ಕಲ್ಲುಗಳು. ಬೀರುವಿಗೆ ಫೋನ್ ಕೊಡಲು ಮನಸ್ಸೊಪ್ಪದೆ, ಸರ್ ಯಾರೂ ಇಲ್ಲ ಎಂದೆ. ಆಮೇಲೆ ಮಾಡುತ್ತೇನೆ ಎಂದಿರಿ. ಆಮೇಲೆ ಬಂದದ್ದು ಅಚ್ಚಾದ ಪತ್ರಿಕೆಯೇ. ಭಾಷಣವು ನನ್ನ ಬಳಿ ಮೂರು ವರ್ಷ ಕಲಿತುಹೋದ ವೈದ್ಯರೊಬ್ಬರ ಪಾಲಾಗಿತ್ತು.

ನನ್ನನ್ನು ತಾವು ಮರೆತಿರೆಂದು ದೂರಿದರೆ ನಾಲಿಗೆಗೆ ಹುಳ ಬಿದ್ದೀತು. ಗಣ್ಯರನ್ನು ಊಟದ ಮೇಜಿಗೆ ಕರೆದೊಯ್ಯುವ ಸ್ವಾಗತ ಸಮಿತಿಯಲ್ಲಿ ನನ್ನ ಹೆಸರಿದೆ. ನಮ್ಮಮ್ಮ ಭೂತಗನ್ನಡಿ ಹಿಡಿದು ಮಗಳ ಹೆಸರನ್ನು ಮೊದಲ ಪುಟದಿಂದ ಹುಡುಕುತ್ತಾ ಹೋಗಿ, ಕೊನೆಯ ಪುಟದಲ್ಲಿ, ಅಡುಗೆ ಗುತ್ತಿಗೆದಾರರ ಹೆಸರಿನ ಕೆಳಗೆ ಕಂಡುಹಿಡಿದಳು. ಕನ್ನಡಿ ಕೆಳಗಿಟ್ಟು ಕೇಳಿದಳು: "ಅಲ್ಲೂ ನೀನೇ ಬಡಿಸ್ಬೇಕೇನೇ?"

ಅವಳಿಗೆ ಉತ್ತರ ತಮ್ಮಿಂದಲೇ ಹೋಗಲಿ ಎಂದು ಆ ಪ್ರಶ್ನೆಯನ್ನು ತಮಗೇ ದಾಟಿಸಿದ್ದೇನೆ.

'ಶಸ್ತ್ರವೈದ್ಯೆಯರ ಕಷ್ಟಸುಖ' ಎಂಬ ಚರ್ಚೆಯನ್ನು ಇಟ್ಟಿರುವ ತಮ್ಮ ಔದಾರ್ಯವನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಚರ್ಚಿಸುವವರು ಐದು ಮಂದಿ ಗಂಡಸರು. ನಮ್ಮ ಕಷ್ಟವನ್ನು ಹೇಳುವ ಕಷ್ಟವನ್ನೂ ತಾವೇ ಹೊತ್ತುಕೊಂಡ ಮೇಲೆ ನಮಗುಳಿದದ್ದು ಸುಖವೊಂದೇ.

ಆದರೂ ಆ ಹನ್ನೆರಡು ನಿಮಿಷದ ಆಸೆ ಬಿಟ್ಟುಹೋಗುತ್ತಿಲ್ಲ. ಆದ್ದರಿಂದ ಒಂದು ವಿನಂತಿ. ಬ್ಯಾಡ್ಜಿನ ಜೊತೆಗೆ ನನಗೊಂದು ಅಂಟಿಸುವ ಮೀಸೆಯನ್ನೂ ಕೊಡಿಸಿ. ಭಾಷಣ ಮುಗಿದೊಡನೆ ಕುದಿಸಿ, ಕ್ರಿಮಿಶುದ್ಧ ಮಾಡಿ ಹಿಂದಿರುಗಿಸುತ್ತೇನೆ. ಮೀಸೆ ದಾಸ್ತಾನಿಲ್ಲದಿದ್ದರೆ ಇನ್ನೊಂದು ದಾರಿಯಿದೆ. ಸಮ್ಮೇಳನದ ಪರದೆಯ ಮೇಲೆ ಹೆಂಗಸರು ಕಾಣುವುದೇ ಇಲ್ಲವೆಂದರೆ ಸುಳ್ಳಾಗುತ್ತದೆ. ರೋಗಿಗಳಾಗಿ ಧಾರಾಳವಾಗಿ ಕಾಣುತ್ತಾರೆ. ನನ್ನನ್ನೂ ಹಾಗೆಯೇ ಮಲಗಿಸಿ, ಅರಿವಳಿಕೆ ಕೊಡುವುದನ್ನು ಹನ್ನೆರಡು ನಿಮಿಷ ತಡಮಾಡಿದರೆ ಸಾಕು. ಮಲಗಿದಲ್ಲಿಂದಲೇ ಹೇಳಿ ಮುಗಿಸುತ್ತೇನೆ.

ತಮ್ಮ ಹುಡುಕಾಟಕ್ಕೆ ಇನ್ನಷ್ಟು ಆಯುಷ್ಯ ಕೋರುವ,

ತಮ್ಮ ವಿಶ್ವಾಸಿ,
ಪಿತ್ತನಾಳ ಹೊಲಿಯುವವಳು

ತಾ.ಕ.: ನನ್ನ ಬಳಿ ಕಲಿತುಹೋದ ಆ ಭಾಷಣಕಾರರು ನಿನ್ನೆ ನನಗೆ ಫೋನ್ ಮಾಡಿ, ಅಂಥ ಆಪರೇಷನ್ನಿನ ವಿಡಿಯೊ ಅವರ ಬಳಿ ಇಲ್ಲವೆಂದು ಬಹಳ ಸಂಕೋಚದಿಂದ ನನ್ನದನ್ನು ಕೇಳಿದರು. ಕಳಿಸಿದ್ದೇನೆ. ಅದರಲ್ಲಿ ಮುಖ ಕಾಣುವುದಿಲ್ಲ, ಕೈಗಳು ಮಾತ್ರ. ಆದ್ದರಿಂದ ಸಮಿತಿಗೆ ಮುಜುಗರವಿಲ್ಲ. ಒಂದೇ ತೊಡಕೆಂದರೆ ನಾನು ಎಡಗೈಯವಳು. ಮೊದಲಿನಿಂದ ಕೊನೆಯವರೆಗೂ ಹೊಲಿಗೆಯೆಲ್ಲ ಎಡಗೈಯದು. ಅವರು ಬಲಗೈಯವರು. ಸಭೆಯಲ್ಲಿ ಯಾರಾದರೂ ಎದ್ದು, ಇದನ್ನು ಹೇಗೆ ಮಾಡಿದಿರಿ ಎಂದು ಅವರನ್ನು ಕೇಳಿಯೇ ಕೇಳುತ್ತಾರೆ. ನಾನು ಮೂರನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಕೂತಿರುತ್ತೇನೆ. ಮೈಕಿನ ವೈರು ಅಲ್ಲಿಯವರೆಗೆ ಬರುವಷ್ಟು ಉದ್ದವಿರಲಿ.