ಖಾಲಿ ಹುದ್ದೆಯ ಗೋಲು

ಪಟ್ಟಣದ ನೀರು ಸರಬರಾಜು ಕಚೇರಿಯ ಫುಟ್‌ಬಾಲ್ ತಂಡವು ಸತತ ಹದಿನೆಂಟು ಪಂದ್ಯಗಳಲ್ಲಿ ಒಂದೇ ಒಂದು ಗೋಲನ್ನೂ ಹೊಡೆದಿಲ್ಲವೆಂಬ ಸಂಗತಿಯು ಹದಿನೆಂಟನೆಯ ಪಂದ್ಯವಾದ ಮೇಲೆ ಕಚೇರಿಯ ಗಮನಕ್ಕೆ ಬಂದಿತು. ಯಾರೋ ಪಂದ್ಯ ನೋಡಿ ಬಂದು ಹೇಳಿದರೆಂದಲ್ಲ. ವಾರ್ಷಿಕ ವರದಿಯ ಒಂಬತ್ತನೆಯ ಪುಟದಲ್ಲಿ ‘ಹೊಡೆದ ಗೋಲುಗಳು’ ಎಂಬ ಕಾಲಂ ಖಾಲಿ ಉಳಿದಿತ್ತು. ವರದಿಯಲ್ಲಿ ಯಾವ ಕಾಲಮನ್ನೂ ಖಾಲಿ ಬಿಡತಕ್ಕದ್ದಲ್ಲವೆಂದು ನಿಯಮವಿದೆ. ಸೊನ್ನೆ ಬರೆಯೋಣವೆಂದರೆ, ಸೊನ್ನೆ ಬರೆದ ಕಡೆಯಲ್ಲೆಲ್ಲ ಕಾರಣವನ್ನೂ ಬರೆಯಬೇಕೆಂದು ಇನ್ನೊಂದು ನಿಯಮವಿದೆ. ಹೀಗಾಗಿ ಸಭೆ ಕರೆಯುವುದು ಅನಿವಾರ್ಯವಾಯಿತು.

ಸಭೆಯಲ್ಲಿ ಆಟಗಾರರ ಪ್ರತಿನಿಧಿಯೊಬ್ಬ ಇರಬೇಕಿತ್ತು. ದೊಡ್ಡ ಸಾಹೇಬರ ಬಾಗಿಲ ಹತ್ತಿರ, ತಂಡದಲ್ಲಿ ಆಡುತ್ತಿದ್ದ ವಾಲ್ವ್‌ಮ್ಯಾನ್ ನಿಂತಿದ್ದ. ಅವನನ್ನೇ ಒಳಗೆ ಕರೆದರು. ಅವನು ನಿಂತಿದ್ದದ್ದು ಫುಟ್‌ಬಾಲಿಗಾಗಿ ಅಲ್ಲ, ತನ್ನ ಫೈಲು ಎಲ್ಲಿಗೆ ಬಂತೆಂದು ಕೇಳಲು. ಏಳು ಬೀದಿಗಳ ನೀರಿನ ವಾಲ್ವುಗಳನ್ನು ಬೆಳಿಗ್ಗೆ ತಿರುಗಿಸಿ ಬಿಡುವುದು, ಮಧ್ಯಾಹ್ನ ತಿರುಗಿಸಿ ನಿಲ್ಲಿಸುವುದು ಅವನ ಕೆಲಸ. ಹನ್ನೊಂದು ವರ್ಷಗಳಿಂದ ದಿನಗೂಲಿಯ ಮೇಲೆ ತಿರುಗಿಸುತ್ತಿದ್ದ. ಅವನನ್ನು ಕಾಯಂ ಮಾಡುವ ಫೈಲು ಒಂಬತ್ತು ಮೇಜುಗಳ ಪ್ರವಾಸ ಮುಗಿಸಿ, ಈಗ ಸಾಹೇಬರ ಮೇಜಿನ ಮೇಲೆ ಗಾಜಿನ ಗುಂಡಿನ ಕೆಳಗೆ ವಿಶ್ರಾಂತಿ ಪಡೆಯುತ್ತಿತ್ತು. ಒಂದು ಸಹಿ ಬಾಕಿ. ಸಭೆ ನಡೆದಷ್ಟು ಹೊತ್ತೂ ಅವನ ಕಣ್ಣು ಆ ಫೈಲಿನ ಮೂಲೆಯ ಮೇಲೆಯೇ ಇತ್ತು.

ಹಗಲು ಮೀಟರ್ ಓದಿ ಸಂಜೆ ಕೋಚ್ ಆಗುತ್ತಿದ್ದವರು ಎದ್ದು ನಿಂತು, “ಗೋಲು ಹೊಡೆಯೋರು ಬೇಕು ಸಾರ್. ಇಬ್ಬರು ಸಿಕ್ಕಿದ್ರೆ ಸಾಕು” ಎಂದರು.

“ಈಗ ಯಾರು ಹೊಡೀತಾ ಇದಾರೆ?” ಎಂದು ಸಾಹೇಬರು ಕೇಳಿದರು.

“ಯಾರೂ ಇಲ್ಲ ಸಾರ್.”

“ಅಂದ್ರೆ ಹುದ್ದೆ ಖಾಲಿ ಇದೆ ಅನ್ನಿ.”

ಸಿಬ್ಬಂದಿ ವಿಭಾಗದ ಸೂಪರಿಂಟೆಂಡೆಂಟರು ಮೆಲ್ಲಗೆ ಕೆಮ್ಮಿದರು. ಅವರು ಕೆಮ್ಮಿದರೆಂದರೆ ನಿಯಮವೊಂದು ಬರುತ್ತಿದೆ ಎಂದು ಅರ್ಥ. “ಖಾಲಿ ಇಲ್ಲ ಸಾರ್. ಹುದ್ದೇನೇ ಇಲ್ಲ. ಇಲ್ಲದ ಹುದ್ದೆ ಖಾಲಿ ಇರೋಕೆ ಬರಲ್ಲ.”

ಎಲ್ಲರೂ ಹೌದೆಂದು ತಲೆಯಾಡಿಸಿದರು. ಹದಿನೆಂಟು ಪಂದ್ಯಗಳ ಸೋಲಿಗೆ ಕಾರಣ ಇಷ್ಟು ಸರಳವಾಗಿತ್ತೆಂದು ಕೋಚಿಗೂ ಅದುವರೆಗೆ ಹೊಳೆದಿರಲಿಲ್ಲ.

ಮೂರು ವಾರಗಳಲ್ಲಿ ಹುದ್ದೆಗಳು ಮಂಜೂರಾದವು: ಹಿರಿಯ ಗೋಲುಗಾರ ಒಂದು, ಕಿರಿಯ ಗೋಲುಗಾರ ಒಂದು. ಕಿರಿಯನು ಹೊಡೆದದ್ದನ್ನು ಹಿರಿಯನು ದೃಢೀಕರಿಸಬೇಕು. ಭರ್ತಿಯಾಗಲು ಸಮಯ ಹಿಡಿಯುವುದಷ್ಟೇ. ಅಲ್ಲಿಯವರೆಗೆ ಏನು ಮಾಡಬೇಕೆಂಬ ಬಗ್ಗೆ ಕಚೇರಿಗೆ ಒಂದು ಕಹಿ ಅನುಭವವಿತ್ತು. ಹಿಂದೊಮ್ಮೆ ಪಂಪ್‌ಹೌಸಿನ ಎಲೆಕ್ಟ್ರಿಷಿಯನ್ ಹುದ್ದೆ ಖಾಲಿಯಿದ್ದಾಗ, ಕತ್ತಲೆಯಲ್ಲಿ ಎಡವಿ ಬೇಸತ್ತ ಗುಮಾಸ್ತರೊಬ್ಬರು ತಾವೇ ಸ್ಟೂಲು ಹತ್ತಿ ಬಲ್ಬು ಬದಲಿಸಿಬಿಟ್ಟಿದ್ದರು. ಕೆಲಸ ಹೇಗೂ ನಡೆಯುತ್ತಿದೆಯಲ್ಲ ಎಂದು ಮೇಲಿನವರು ಹುದ್ದೆಯನ್ನೇ ರದ್ದು ಮಾಡಿದರು. ಅಂದಿನಿಂದ, ಖಾಲಿ ಹುದ್ದೆಯ ಕೆಲಸವನ್ನು ಬೇರೆ ಯಾರೂ ಅಪ್ಪಿತಪ್ಪಿಯೂ ಮಾಡದಂತೆ ನೋಡಿಕೊಳ್ಳುವುದು ಕಚೇರಿಯ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ಆದ್ದರಿಂದ ಸುತ್ತೋಲೆ ಹೊರಟಿತು:

“ಈ ಮೂಲಕ ಎಲ್ಲ ಆಟಗಾರರಿಗೆ ತಿಳಿಯಪಡಿಸುವುದೇನೆಂದರೆ, ಗೋಲುಗಾರರ ಹುದ್ದೆಗಳು ಭರ್ತಿಯಾಗುವವರೆಗೆ ಯಾವುದೇ ಸಿಬ್ಬಂದಿಯು ಸದರಿ ಹುದ್ದೆಗಳ ಕರ್ತವ್ಯವನ್ನು ಸ್ವಂತ ಇಚ್ಛೆಯಿಂದಾಗಲಿ, ಉತ್ಸಾಹದಿಂದಾಗಲಿ, ಪ್ರೇಕ್ಷಕರ ಒತ್ತಾಯದಿಂದಾಗಲಿ ನಿರ್ವಹಿಸತಕ್ಕದ್ದಲ್ಲ. ಎದುರಾಳಿಗಳು ತಮ್ಮ ಗೋಲಿಗೆ ತಾವೇ ಹೊಡೆದುಕೊಂಡಲ್ಲಿ ಕಚೇರಿ ಹೊಣೆಯಲ್ಲ.”

ಸುತ್ತೋಲೆ ಬಂದ ಮೇಲೆ ತಂಡದ ಆಟ ಸುಧಾರಿಸಿತೆಂದು ಒಪ್ಪಿಕೊಳ್ಳಲೇಬೇಕು. ಮನಸ್ಸಿನ ಮೇಲೆ ಭಾರವೇ ಇಲ್ಲ. ಚೆಂಡನ್ನು ಸರಾಗವಾಗಿ ಎದುರಾಳಿಯ ಗೋಲಿನ ಬಾಯಿಯವರೆಗೆ ಒಯ್ಯುತ್ತಿದ್ದರು. ಅಲ್ಲಿ ನಿಂತು, ತಿರುಗಿಸಿ, ಅಷ್ಟೇ ಸರಾಗವಾಗಿ ವಾಪಸು ತರುತ್ತಿದ್ದರು. ವಿದ್ಯುತ್ ಕಚೇರಿಯ ತಂಡದ ಮೇಲಿನ ಪಂದ್ಯದಲ್ಲಿ ಹೀಗೆ ಹದಿಮೂರು ಸಲ ಒಯ್ದು ಹದಿಮೂರು ಸಲವೂ ತಂದರು.

ಹದಿನಾಲ್ಕನೆಯ ಸಲ ಚೆಂಡು ವಾಲ್ವ್‌ಮ್ಯಾನನ ಕಾಲಿಗೆ ಬಂತು. ಅವನು ಡಿಫೆಂಡರ್. ತನ್ನ ಜೀವಮಾನದಲ್ಲಿ ಎದುರಾಳಿಯ ಗೋಲನ್ನು ಇಷ್ಟು ಹತ್ತಿರದಿಂದ ನೋಡಿರಲೇ ಇಲ್ಲ. ಆ ಹೊತ್ತು ಸುಮ್ಮನೆ ನೋಡೋಣವೆಂದೇ ಮುಂದೆ ಬಂದಿದ್ದ. ಬಲೆ ಹೊಸದು. ಗೋಲ್‌ಕೀಪರ್ ಎರಡು ಹೆಜ್ಜೆ ಎಡಕ್ಕಿದ್ದ. ಸುತ್ತೋಲೆಯ ಪ್ರತಿಗೆ ವಾಲ್ವ್‌ಮ್ಯಾನ್ ಸಹಿ ಹಾಕಿದ್ದನೇನೋ ನಿಜ, ಆದರೆ ಅವನ ಎಡಗಾಲು ಹಾಕಿರಲಿಲ್ಲ. ಎರಡು ಹೆಜ್ಜೆ ಹಿಂದೆ ಹೋದ, ತಲೆ ಎತ್ತಿ ನೋಡಿದ, ಹೊಡೆದ.

ಚೆಂಡು ಬಲೆಯ ಮೇಲ್ಮೂಲೆಗೆ ಹೋಗಿ ಬಡಿಯಿತು. ಮೈದಾನ ಗಪ್‌ಚಿಪ್. ಸಹ ಆಟಗಾರರು ಅವನಿಂದ ಒಂದೊಂದೇ ಹೆಜ್ಜೆ ದೂರ ಸರಿದರು, ನಾವು ಇವನ ಜೊತೆ ಬಂದವರಲ್ಲ ಎಂಬಂತೆ. ಕೋಚ್ ಟವೆಲಿನಿಂದ ಮುಖ ಮುಚ್ಚಿಕೊಂಡರು. ಒಳಗೆ ಅತ್ತರೋ ನಕ್ಕರೋ ಇಂದಿಗೂ ತಿಳಿದಿಲ್ಲ. ಮೆಟ್ಟಿಲುಗಳ ಮೇಲೆ ಎದ್ದು ನಿಂತು ಕೂಗಿದವಳು ಒಬ್ಬಳೇ. ಅವನ ಅಕ್ಕ. ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು, ಟೈಲರ್, ತಂಡದ ಚಡ್ಡಿಗಳನ್ನೆಲ್ಲ ಹೊಲಿದವಳು. “ನನ್ನ ತಮ್ಮ! ನನ್ನ ತಮ್ಮ ಹೊಡೆದದ್ದು!” ಎಂದು ಕುತ್ತಿಗೆಯ ಅಳತೆಪಟ್ಟಿಯನ್ನೇ ತೆಗೆದು ಬೀಸಿದಳು. ವಾಲ್ವ್‌ಮ್ಯಾನನಿಗೆ ಎದೆ ತುಂಬಿ ಬಂತು. ಮದುವೆಯಾಗದ, ಕಾಯಮಾಗದ, ಮೂವತ್ತಾರು ವರ್ಷದ ಬದುಕಿನಲ್ಲಿ ಅಷ್ಟು ಸಂತೋಷ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಪಂದ್ಯವನ್ನು ನಾಲ್ಕು-ಒಂದರಿಂದ ಸೋತರು. ನಾಲ್ಕರ ಬಗ್ಗೆ ಕಚೇರಿಗೆ ಯಾವ ತಕರಾರೂ ಇರಲಿಲ್ಲ. ಒಂದರ ಬಗ್ಗೆ ಮರುದಿನವೇ ನೋಟೀಸು ಬಂತು: “ತಾವು ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿಯಿಲ್ಲದೆ ಗೋಲು ಹೊಡೆದು, ಮಂಜೂರಾದ ಎರಡು ಹುದ್ದೆಗಳಿಗೆ ಅಪಾಯ ತಂದೊಡ್ಡಿರುತ್ತೀರಿ. ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು?” ಗಾಜಿನ ಗುಂಡಿನ ಕೆಳಗಿದ್ದ ಫೈಲು ಗಾಜಿನ ಬೀರುವಿಗೆ ಹೋಯಿತು.

ಸೂಪರಿಂಟೆಂಡೆಂಟರು ಕೆಟ್ಟವರಲ್ಲ. ಅವನನ್ನು ಪಕ್ಕಕ್ಕೆ ಕರೆದು, ಕೂರಿಸಿ, ತಮ್ಮ ಟೀಯಲ್ಲಿ ಅರ್ಧ ಕೊಟ್ಟರು. “ನೋಡಪ್ಪ, ಚೆಂಡು ತಾನಾಗೇ ಬಂದು ಕಾಲಿಗೆ ತಗಲಿತು, ಗೋಲು ಹೊಡೆಯೋ ಉದ್ದೇಶ ಇರಲಿಲ್ಲ ಅಂತ ಎರಡು ಸಾಲು ಬರೆದುಕೊಡು. ಆಕಸ್ಮಿಕ ಅಂತ ಮುಗಿಸಿಬಿಡ್ತೀನಿ. ಫೈಲಿಗೆ ಸಹಿ ಮಾಡಿಸೋ ಜವಾಬ್ದಾರಿ ನಂದು.”

ಮನೆಗೆ ಬಂದಾಗ ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಹೊಲಿಯುತ್ತಿದ್ದಳು. “ಏನಂತೆ?” ಎಂದು ಹಲ್ಲಿನ ಸಂದಿಯಲ್ಲೇ ಕೇಳಿದಳು.

“ಗೋಲು ಯಾಕೆ ಹೊಡೆದೆ ಅಂತ ಕೇಳಿದಾರೆ.”

“ಮತ್ತೆ ಚಡ್ಡಿ ಯಾಕೆ ಹೊಲಿಸಿದ್ರಂತೆ?”

“ತಾನಾಗೇ ತಗಲಿತು ಅಂತ ಬರೆದುಕೊಟ್ರೆ ಬಿಟ್ಟುಬಿಡ್ತಾರಂತೆ ಅಕ್ಕ. ಕಾಯಂ ಮಾಡ್ತಾರಂತೆ.”

ಅಕ್ಕ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. “ತಾನಾಗೇ ತಗಲಿತಾ? ನಾನು ಕಣ್ಣಾರೆ ನೋಡಿದೀನಿ ಕಣೋ. ಹಿಂದೆ ಹೋದೆ, ತಲೆ ಎತ್ತಿ ನೋಡಿದೆ, ಹೊಡೆದೆ. ಅದನ್ನ ಇಲ್ಲ ಅಂತ ಬರೆದೆಯೋ, ಈ ಮನೇಲಿ ನಿನಗೆ ಊಟ ಇಲ್ಲ.”

“ಕಾಯಂ ಆಗದಿದ್ರೂ ಊಟ ಇರಲ್ಲ ಅಕ್ಕ.”

ಅಕ್ಕ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿದಳು. ಸೂಜಿಯ ಕೆಳಗೆ ಬಟ್ಟೆಯಿಲ್ಲವೆಂಬುದು ಸ್ವಲ್ಪ ಹೊತ್ತಾದ ಮೇಲೆ ಅವಳಿಗೆ ಗೊತ್ತಾಯಿತು.

ಮರುದಿನ ಅವನು ಎರಡು ಸಾಲು ಬರೆದುಕೊಟ್ಟ. ಅಕ್ಷರಗಳು ಅವನ ಅಕ್ಷರಗಳಂತೆಯೇ ಇರಲಿಲ್ಲ. ಆದರೆ ವಿಚಾರಣೆಯಲ್ಲಿ ಅದಕ್ಕೆ ಅನಿರೀಕ್ಷಿತವಾದ ಅಡ್ಡಿ ಬಂತು. ಸಾಕ್ಷಿಯಾಗಿ ಬಂದ ವಿದ್ಯುತ್ ಕಚೇರಿಯ ಗೋಲ್‌ಕೀಪರ್ ಒಪ್ಪಲಿಲ್ಲ. “ಆಕಸ್ಮಿಕ ಅಂದ್ರೆ ಹೇಗೆ ಸಾರ್? ಸುಮ್ಮನೆ ಉರುಳಿಕೊಂಡು ಬಂದ ಚೆಂಡನ್ನ ಬಿಟ್ಟೆ ಅಂತ ಆದ್ರೆ ನಮ್ಮ ಆಫೀಸಲ್ಲಿ ನನ್ನ ಮೇಲೆ ವಿಚಾರಣೆ ಆಗುತ್ತೆ. ಅದು ಗುರಿಯಿಟ್ಟು ಹೊಡೆದ ಗೋಲು. ಅಂಥ ಹೊಡೆತ ನಾನು ಜನ್ಮದಲ್ಲಿ ಕಂಡಿರಲಿಲ್ಲ.”

ಎದುರಾಳಿಯ ಬಾಯಿಂದ ಈ ಮಾತು ಕೇಳಿ ವಾಲ್ವ್‌ಮ್ಯಾನ್ ಅವನ ಕೈ ಹಿಡಿದುಕೊಳ್ಳಬೇಕೆಂದು ಮುಂದೆ ಬಾಗಿದ. ಸೂಪರಿಂಟೆಂಡೆಂಟರು ಕಣ್ಣು ಬಿಟ್ಟದ್ದರಿಂದ ನೆಟ್ಟಗೆ ಕೂತ.

ಗೋಲು ಆಗಿದೆ, ಆದರೆ ಹೊಡೆದವರಿಲ್ಲ. ಸೂಪರಿಂಟೆಂಡೆಂಟರು ನಾಲ್ಕು ದಿನ ನಿಯಮಾವಳಿಯಲ್ಲಿ ಮುಳುಗಿ, ಐದನೆಯ ದಿನ ಎದ್ದು ಬಂದು ತೀರ್ಪು ಓದಿದರು. ಸದರಿ ಗೋಲನ್ನು ಹಿರಿಯ ಗೋಲುಗಾರರ ಹುದ್ದೆಯೇ ಹೊಡೆದಿದೆಯೆಂದು ಭಾವಿಸತಕ್ಕದ್ದು. ಹುದ್ದೆಯು ಭರ್ತಿಯಾದ ಕೂಡಲೇ ಗೋಲನ್ನು ಪೂರ್ವಾನ್ವಯವಾಗಿ ಆ ವ್ಯಕ್ತಿಯ ಸೇವಾ ಪುಸ್ತಕಕ್ಕೆ ವರ್ಗಾಯಿಸತಕ್ಕದ್ದು. ಗೋಲ್‌ಕೀಪರನ ಮಾನ ಉಳಿಯಿತು, ಹುದ್ದೆ ಉಳಿಯಿತು, ವರದಿಯ ಕಾಲಮಿಗೂ ಒಂದು ಅಂಕಿ ಸಿಕ್ಕಿತು. ಎಲ್ಲರೂ ಸೂಪರಿಂಟೆಂಡೆಂಟರ ಕೈ ಕುಲುಕಿದರು. ವಾಲ್ವ್‌ಮ್ಯಾನನೂ ಕುಲುಕಿದ.

ಹುದ್ದೆಗೆ ಮೂರು ಅರ್ಜಿಗಳು ಬಂದವು. ಹೊಡೆದ ಪ್ರತಿ ಗೋಲಿಗೂ, ಅದನ್ನು ಬಿಟ್ಟ ಗೋಲ್‌ಕೀಪರನ ಸಹಿ ಲಗತ್ತಿಸಬೇಕೆಂದು ಷರತ್ತಿತ್ತು. ನಲವತ್ತು ಗೋಲು ಹೊಡೆದಿದ್ದ ಒಬ್ಬ ಯುವಕನಿಗೆ ಯಾವ ಗೋಲ್‌ಕೀಪರೂ ಸಹಿ ಹಾಕಿಕೊಡಲಿಲ್ಲ, ಅರ್ಜಿ ತಿರಸ್ಕೃತವಾಯಿತು. ಇನ್ನೊಬ್ಬನಿಗೆ ಹನ್ನೆರಡು ಸಹಿಗಳಿದ್ದವು, ಹನ್ನೆರಡೂ ಅವನ ಸ್ವಂತ ಅಣ್ಣನವು. ಮೂರನೆಯವರು ದೊಡ್ಡ ಸಾಹೇಬರ ಷಡ್ಡಕ, ಐವತ್ತೆರಡು ವರ್ಷ, ಮೊಣಕಾಲಿಗೆ ಪಟ್ಟಿ. ಅವರು ಗೋಲನ್ನೇ ಹೊಡೆದಿರಲಿಲ್ಲವಾಗಿ ಯಾವ ಸಹಿಯ ಅಗತ್ಯವೂ ಬೀಳಲಿಲ್ಲ. ಮೂವರಲ್ಲಿ ದಾಖಲೆ ಪೂರ್ಣವಾಗಿದ್ದದ್ದು ಅವರದೊಂದೇ. ಆಯ್ಕೆ ಅವಿರೋಧವಾಗಿ ನಡೆಯಿತು.

ಅವರು ಕೆಲಸಕ್ಕೆ ಹಾಜರಾದ ದಿನವೇ, ಹತ್ತೊಂಬತ್ತು ಪಂದ್ಯಗಳಲ್ಲಿ ತಂಡದ ಏಕೈಕ ಗೋಲು ಹೊಡೆದದ್ದಕ್ಕಾಗಿ ಸನ್ಮಾನ. ವೇದಿಕೆಗೆ ಹೋಗುವ ಮುಂಚೆ ಷಡ್ಡಕರು ವಾಲ್ವ್‌ಮ್ಯಾನನನ್ನು ವಿನಯದಿಂದ ಹತ್ತಿರ ಕರೆದರು. ಪಾಪ, ಒಳ್ಳೆಯ ಮನುಷ್ಯ.

“ನೀವು ಅಲ್ಲೇ ಇದ್ರಂತಲ್ಲ. ನಾನು ಯಾವ ಕಾಲಲ್ಲಿ ಹೊಡೆದೆ?”

“ಎಡಗಾಲು ಸಾರ್.”

“ದೂರದಿಂದ ಹೊಡೆದ್ನಾ, ಹತ್ತಿರದಿಂದ್ಲಾ?”

“ಒಂದು ಹದಿನೈದು ಹೆಜ್ಜೆ ಇತ್ತು ಸಾರ್. ಎರಡು ಹೆಜ್ಜೆ ಹಿಂದೆ ಹೋದ್ರಿ. ತಲೆ ಎತ್ತಿ ನೋಡಿದ್ರಿ.” ಹೇಳುತ್ತಾ ಹೇಳುತ್ತಾ ಅವನೇ ಎರಡು ಹೆಜ್ಜೆ ಹಿಂದೆ ಸರಿದಿದ್ದ. “ತುಂಬಾ ಚೆನ್ನಾಗಿ ಹೊಡೆದ್ರಿ ಸಾರ್.”

“ಹೌದಾ!” ಎಂದು ಷಡ್ಡಕರು ನಿಜಕ್ಕೂ ಹಿಗ್ಗಿದರು.

ಸಭೆಯಲ್ಲಿ ಅಕ್ಕ ಕೊನೆಯ ಸಾಲಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಷಡ್ಡಕರು ಮೈಕಿನಲ್ಲಿ “ಆಗ ನಾನು ತಲೆ ಎತ್ತಿ ನೋಡಿದೆ” ಎನ್ನುತ್ತಲೇ ಕುರ್ಚಿಯಿಂದ ಅರ್ಧ ಎದ್ದಳು. ಗೋಡೆಗೆ ಒರಗಿ ನಿಂತಿದ್ದ ತಮ್ಮ ಅವಳ ಕಡೆ ನೋಡಿದ. ಅವನ ಕೈಯಲ್ಲಿ ಉದ್ದನೆಯ ಲಕೋಟೆಯಿತ್ತು, ಮುದ್ರೆ ಒತ್ತಿದ್ದು, ಅದೇ ತಾನೇ ಸಿಕ್ಕಿದ್ದು. ಅಕ್ಕ ಲಕೋಟೆಯನ್ನು ನೋಡಿದಳು. ಕೂತಳು. ಎಲ್ಲರೂ ಚಪ್ಪಾಳೆ ತಟ್ಟಿ ನಿಲ್ಲಿಸಿದ ಮೇಲೆ ಅವಳೊಬ್ಬಳೇ ನಾಲ್ಕು ಸಲ ತಟ್ಟಿದಳು.

ಮನೆಯಲ್ಲಿ ಕನ್ನಡಕ ಹಾಕಿಕೊಂಡು ಆದೇಶವನ್ನು ಮೂರು ಸಲ ಓದಿದಳು. ಕಾಯಂ ಆಗಿದ್ದ. ಎರಡನೆಯ ಪುಟದಲ್ಲಿ ಪ್ರೊಬೇಷನ್ ಎರಡು ವರ್ಷ, ಆ ಅವಧಿಯಲ್ಲಿ ಅನಧಿಕೃತ ಗೋಲು ಕಂಡುಬಂದಲ್ಲಿ ಆದೇಶ ತಂತಾನೇ ರದ್ದು ಎಂದಿತ್ತು. ಆ ಸಾಲನ್ನು ನಾಲ್ಕನೆಯ ಸಲವೂ ಓದಿದಳು.

ತಿಂಗಳ ನಂತರ ವಿದ್ಯುತ್ ಕಚೇರಿಯವರೊಂದಿಗೆ ಮತ್ತೆ ಪಂದ್ಯ ಬಿತ್ತು. ಷಡ್ಡಕರು ಅಂದು ರಜೆ. ಕಿರಿಯ ಗೋಲುಗಾರರ ಹುದ್ದೆ ಇನ್ನೂ ಖಾಲಿ. ಆಟ ಮುಗಿಯಲು ಐದು ನಿಮಿಷವಿದ್ದಾಗ ಎದುರಾಳಿಗಳ ಗೋಲ್‌ಕೀಪರ್ ಕಾಲುಜಾರಿ ಬಿದ್ದ. ಚೆಂಡು ಉರುಳಿ ವಾಲ್ವ್‌ಮ್ಯಾನನ ಮುಂದೆ ಬಂದು ನಿಂತಿತು. ಎದುರಿಗೆ ಬಾಗಿಲು ತೆಗೆದ ಮನೆಯಂತೆ ಖಾಲಿ ಗೋಲು. ಅವನ ಎಡಗಾಲು ಸ್ವಲ್ಪ ಮೇಲೆದ್ದಿತು.

ಮೆಟ್ಟಿಲುಗಳ ಮೇಲಿಂದ ಮೈದಾನವೆಲ್ಲ ಕೇಳುವಂತೆ ಒಂದು ಕೂಗು ಬಂತು.

“ಮುಟ್ಟಬೇಡ ಕಣೋ! ಇನ್ನೂ ಒಂದು ವರ್ಷ ಹನ್ನೊಂದು ತಿಂಗಳಿದೆ!”

ಅಕ್ಕನ ದನಿ. ವಾಲ್ವ್‌ಮ್ಯಾನ್ ಕಾಲು ಇಳಿಸಿ, ಚೆಂಡಿನ ಮೇಲಿಟ್ಟು, ಸುಮ್ಮನೆ ನಿಂತ. ಗೋಲ್‌ಕೀಪರ್ ಎದ್ದು ಮಣ್ಣು ಕೊಡವಿಕೊಂಡು ಹತ್ತಿರ ಬಂದ.

“ನಿಮ್ಮ ಗೋಲುಗಾರರು ರಜೆ ಹಾಕೋವಾಗ ಚಾರ್ಜು ಯಾರಿಗೆ ಕೊಟ್ಟು ಹೋಗಿದಾರೆ?”

“ಯಾರಿಗೂ ಕೊಟ್ಟಿಲ್ಲ.”

“ಹಾಗಾದ್ರೆ ಕಾಯಲೇಬೇಕಲ್ಲ” ಎಂದು ಅವನು ಗೋಲಿನ ಕಂಬಕ್ಕೆ ಒರಗಿ ಕೂತ. ರೆಫರಿ ಗಡಿಯಾರ ನೋಡಿಕೊಂಡರು. ಎರಡೂ ತಂಡದವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು. ಮೆಟ್ಟಿಲುಗಳ ಮೇಲೆ ದೊಡ್ಡ ಸಾಹೇಬರು, ಸೂಪರಿಂಟೆಂಡೆಂಟರು, ಆಮೇಲೆ ಜನವೆಲ್ಲ ಒಬ್ಬೊಬ್ಬರಾಗಿ ಎದ್ದು ಚಪ್ಪಾಳೆ ತಟ್ಟತೊಡಗಿದರು. ತಂಡದ ಇತಿಹಾಸದಲ್ಲೇ ಅಷ್ಟು ದೊಡ್ಡ ಚಪ್ಪಾಳೆ ಯಾರಿಗೂ ಬಿದ್ದಿರಲಿಲ್ಲ. ಅಕ್ಕ ಅಳತೆಪಟ್ಟಿ ಬೀಸುತ್ತಾ “ನನ್ನ ತಮ್ಮ! ನನ್ನ ತಮ್ಮ!” ಎಂದು ಅಕ್ಕಪಕ್ಕದವರಿಗೆಲ್ಲ ತೋರಿಸುತ್ತಿದ್ದಳು. ವಾಲ್ವ್‌ಮ್ಯಾನ್ ಚೆಂಡಿನ ಮೇಲಿಂದ ಕಾಲು ತೆಗೆಯದೆ ಅವರೆಲ್ಲರ ಕಡೆಗೂ ಕೈಯೆತ್ತಿದ. ಸುಳ್ಳು ಯಾಕೆ ಹೇಳಬೇಕು, ಅವನಿಗೂ ಖುಷಿಯಾಯಿತು.