ಬೀಗರ ಚೆಂಡು ಇದ್ದ ಜಾಗ

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ಯಾರೂ ಗುಣ ಎಂದು ತಿಳಿಯಬೇಡಿ, ಬರೀ ಸೋಮಾರಿತನ. ಹೇಳಿದ ಸುಳ್ಳನ್ನು ನೆನಪಿಟ್ಟುಕೊಳ್ಳಬೇಕಾಗುತ್ತದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನ್ನಿಂದ ಅದಾಗದು. ಮಗಳು ಸವಿತಾ ಹೊಸ ಸೀರೆ ಉಟ್ಟು "ಹ್ಯಾಂಗ ಕಾಣ್ತದವ್ವಾ?" ಎಂದರೆ "ಸೋಫಾಕ್ಕ ಗವಸು ಹಾಕಿದಂಗ" ಎಂದುಬಿಡುತ್ತೇನೆ. ಅವಳು ಈಗ ಕೇಳುವುದನ್ನೇ ಬಿಟ್ಟಿದ್ದಾಳೆ.

ನನ್ನ ಇನ್ನೊಂದು ಚಟ, ಬೀಗರ ಕೈಯಿಂದ ಏನು ಬಿದ್ದರೂ ಎತ್ತಿ ಕೊಡುವುದು. ಸವಿತಾಳ ಮದುವೆಯ ಮಂಟಪದಲ್ಲಿ ಅವರ ಕನ್ನಡಕ ಬಿದ್ದಾಗ ಶುರುವಾದದ್ದು. ಗಂಡಿನ ಅಪ್ಪ ಬಗ್ಗುವುದನ್ನು ಹೆಣ್ಣು ಕೊಟ್ಟವಳು ನೋಡುತ್ತಾ ನಿಲ್ಲುವುದೇ ಎಂದು ನಮ್ಮಕ್ಕ ಕಣ್ಣು ಬಿಟ್ಟಳು. ಅಂದಿನಿಂದ ಹನ್ನೆರಡು ವರ್ಷ ಅವರ ಪೇಪರು, ಕರವಸ್ತ್ರ, ಅಡಿಕೆಪುಡಿಯ ಡಬ್ಬಿ ಎಲ್ಲವನ್ನೂ ಎತ್ತಿ, ಸೆರಗಿನಲ್ಲಿ ಒರೆಸಿ, ಎರಡೂ ಕೈಯಿಂದ ಕೊಟ್ಟಿದ್ದೇನೆ. ಅವರಿಗೂ ರೂಢಿಯಾಗಿದೆ. ಏನಾದರೂ ಬಿದ್ದರೆ ಬಿದ್ದದ್ದರ ಕಡೆ ನೋಡುವುದಿಲ್ಲ, ನನ್ನ ಕಡೆ ನೋಡುತ್ತಾರೆ.

ಈ ಬೀಗರು ಹೋದ ತಿಂಗಳು ಹುಬ್ಬಳ್ಳಿಯಿಂದ ವಿಮಾನ ಹತ್ತಿ, ಮಗಳು ಅಳಿಯನ ಜೊತೆ ನಾನಿರುವ ಈ ಪರದೇಶದ ಎವರ್‌ಗ್ರೀನ್ ಊರಿನ ಮನೆಗೆ ಬಂದರು. ಜೊತೆಗೆ ಟೈಪು ಮಾಡಿಸಿದ ಎರಡು ಹಾಳೆಯ ಪ್ರವಾಸಪಟ್ಟಿ. ಕೆಂಪು ಸೇತುವೆಗೆ ಒಂದು ತಾಸು, ಬರ್ಕ್ಲಿಗೆ ಅರ್ಧ ದಿನ, ದೇವಸ್ಥಾನಕ್ಕೆ ಇಪ್ಪತ್ತು ನಿಮಿಷ. ಗಾಲ್ಫಿಗೆ ಮಾತ್ರ ಪೂರಾ ಒಂದು ದಿನ, ಅಡಿಗೆರೆ ಬೇರೆ.

"ದೇವರಿಗೆ ಇಪ್ಪತ್ತ ನಿಮಿಷೇನ್ರಿ?" ಎಂದೆ.

"ದೇವರು ಹುಬ್ಬಳ್ಯಾಗೂ ಅದಾನ್ರಿ ಬೀಗತ್ಯಾರ. ಸಮುದ್ರದ ದಂಡಿ ಮ್ಯಾಗಿನ ಗಾಲ್ಫು ಅಲ್ಲಿಲ್ಲ."

ಆ ಮೈದಾನದ ಒಂದು ಕುಳಿಯ ಫೋಟೋ ಅವರ ಮನೆಯ ಗೋಡೆಯ ಮೇಲೆ ವರ್ಷಗಟ್ಟಲೆಯಿಂದ ತೂಗುತ್ತಿದೆ. ಈಚೆ ಕಡಿದಾದ ದಂಡೆ, ಆಚೆ ಕಡಿದಾದ ದಂಡೆ, ನಡುವೆ ಕೆಳಗೆ ಸಮುದ್ರ. ಈಚೆಯಿಂದ ಹೊಡೆದ ಚೆಂಡು ಆಚೆಯ ಹುಲ್ಲಿನ ಮೇಲೆ ಬೀಳಬೇಕು, ಎರಡನೇ ಏಟಿಗೆ ಕುಳಿ ಸೇರಬೇಕು. ಎರಡೇ ಏಟಿಗೆ ಮುಗಿಸಿ ಬರುತ್ತೇನೆಂದು ಕ್ಲಬ್ಬಿನ ಗೆಳೆಯರಿಗೆಲ್ಲ ಹೇಳಿ ಬಂದಿದ್ದರು. ಮೊಣಕಾಲಿನ ಆಪರೇಷನ್ನಿಗೆ ತಾರೀಖು ಗೊತ್ತಾಗಿತ್ತು. ಇನ್ನೊಮ್ಮೆ ಬರುವ ಮಾತಿರಲಿಲ್ಲ.

ಫ್ರೀವೇ ದಾಟಿ, ಗುಡ್ಡ ಹತ್ತಿಳಿದು ಅಲ್ಲಿಗೆ ಮುಟ್ಟಿದೆವು. ನನ್ನನ್ನೂ ಕರೆದೊಯ್ದದ್ದು ಬುತ್ತಿ ಕಾಯಲು. ಒಂಬತ್ತುಗಜದ ಸೀರೆಯ ಕೆಳಗೆ ಸವಿತಾಳ ಬಿಳಿ ಬೂಟು ಹಾಕಿಕೊಂಡು, ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟು, ಮೈದಾನ ಸುತ್ತುವ ಪುಟ್ಟ ಗಾಡಿಯಲ್ಲಿ ಕುಳಿತೆ. ಸಮುದ್ರ ಚೆನ್ನಾಗಿತ್ತು. ಗಾಳಿ ಚೆನ್ನಾಗಿರಲಿಲ್ಲ. ಬೀಗರು ಹೊಡೆದ ಚೆಂಡುಗಳಲ್ಲಿ ಮೂರು ಸಮುದ್ರಕ್ಕೆ, ಒಂದು ಯಾರದೋ ಗಾಡಿಯ ಟಪ್ಪಿನ ಮೇಲೆ. ಕೊನೆಗೆ ಫೋಟೋದ ಕುಳಿ ಬಂತು. ಅಳಿಯ ಗಿರೀಶ ನನ್ನನ್ನು ಸುತ್ತುಹಾಕಿಸಿ, ಆಚೆ ದಂಡೆಯ ಬೆಂಚಿನ ಮೇಲೆ ಕೂರಿಸಿ, ತಾನು ಅಪ್ಪ, ಸವಿತಾ ಇದ್ದಲ್ಲಿಗೆ ವಾಪಸು ಹೋದ.

ಸ್ವಲ್ಪ ಹೊತ್ತಿಗೆ ಚೆಂಡು ಸಮುದ್ರ ದಾಟಿ ಬಂತು. ಎರಡು ಸಲ ಪುಟಿದು, ಉರುಳಿ, ಕುಳಿಯ ಇತ್ತ ಕಡೆ ನಿಂತಿತು. ಬೀಗರದು ಬಿದ್ದಿದೆ ಎಂದಷ್ಟೇ ನನ್ನ ತಲೆಗೆ ಹೋದದ್ದು. ಎದ್ದೆ, ಎತ್ತಿದೆ, ಸೆರಗಿನಲ್ಲಿ ಒರೆಸಿದೆ, ದಾರಿಯ ಬದಿಗೆ ಹೋಗಿ ನಿಂತೆ.

ಗಾಡಿಯಿಂದ ಬೀಗರು ಕುಣಿಯುತ್ತಲೇ ಇಳಿದರು. ನಾನು ಎರಡೂ ಕೈಯಿಂದ ಚೆಂಡು ಚಾಚಿದೆ. ಅವರ ಮುಖದ ಬಣ್ಣ ಇಳಿದುಹೋಯಿತು.

"ಅಯ್ಯೋ ಅವ್ವಾ!" ಎಂದು ಸವಿತಾ ಹಣೆ ಹಿಡಿದುಕೊಂಡಳು.

"ಅಪ್ಪಾ, ಟೆನ್ಶನ್ ತಗೋಬ್ಯಾಡ್ರಿ," ಎಂದ ಗಿರೀಶ. "ಹೊರಗಿನವ್ರು ಎತ್ತಿದ್ರ ಇದ್ದ ಜಾಗಾದಾಗ ತಿರುಗಿ ಇಟ್ರಾತು. ರೂಲ್ ಐತಿ."

ಆದರೆ ಇದ್ದ ಜಾಗ ಕಂಡವಳು ನಾನೊಬ್ಬಳೇ. ಹನ್ನೆರಡು ವರ್ಷ ನನ್ನ ಮುಂದೆ ಬಗ್ಗದಿದ್ದ ಬೀಗರು ಈಗ ಅರ್ಧ ಬಗ್ಗಿ ಕೇಳಿದರು: "ಎಲ್ಲಿತ್ರೀ ಬೀಗತ್ಯಾರ? ಕುಳಿ ಬಾಜೂಕ ಇತ್ತಲ್ರೀ?"

ಅರವತ್ತು ವರ್ಷ ದಿನಾ ಬೆಳಿಗ್ಗೆ ರಂಗೋಲಿಯ ಚುಕ್ಕಿ ಇಟ್ಟವಳು ನಾನು. ಒಂದು ಜಾಗ ಕಣ್ಣಿಗೆ ಬಿದ್ದರೆ ತಪ್ಪುವುದಿಲ್ಲ. ಚೆಂಡನ್ನು ಕುಳಿಯಿಂದ ನಾಲ್ಕು ಮೊಳ ದೂರದಲ್ಲಿಟ್ಟೆ.

"ಇನ್ನೂ ಹತ್ರ ಇತ್ತೇನೋ, ಸರಿ ನೆನಪು ಮಾಡ್ಕೋರಿ ಅತ್ತಿ," ಎಂದು ಗಿರೀಶ ಕಣ್ಣು ಹೊಡೆದ.

"ನನ್ನ ಕಣ್ಣೇನ್ ಹೋಗ್ಯಾವೇನೋ? ಇಲ್ಲೇ ಇತ್ತು."

ಬೀಗರು ಉಸಿರು ಬಿಗಿಹಿಡಿದು ತಟ್ಟಿದರು. ಚೆಂಡು ಕುಳಿಯ ಅಂಚನ್ನು ಸವರಿಕೊಂಡು ಮುಂದೆ ಹೋಯಿತು. ಮತ್ತೆ ತಟ್ಟಿದರು, ಈಚೆ ಬಂತು. ಒಳಗೆ ಬಿದ್ದದ್ದು ನಾಲ್ಕನೇ ಏಟಿಗೆ. ಅದನ್ನು ಕುಳಿಯಿಂದ ಅವರೇ ಬಗ್ಗಿ ತೆಗೆದುಕೊಂಡರು. ನನ್ನ ಕಡೆ ನೋಡಲಿಲ್ಲ. ರೊಟ್ಟಿ ಬೇಡವೆಂದರು.

ಈಗ ಹುಬ್ಬಳ್ಳಿಯ ಕ್ಲಬ್ಬಿನಲ್ಲಿ ಸುದ್ದಿ ಬೇರೆಯೇ ಆಗಿದೆಯಂತೆ. ಚೆಂಡು ತಾನಾಗಿಯೇ ಕುಳಿಗೆ ಉರುಳುತ್ತಿತ್ತಂತೆ, ಬೀಗತಿ ಅಡ್ಡ ಹೋಗಿ ಹಿಡಿದಳಂತೆ. ಸವಿತಾ ನಿನ್ನೆಯೂ ಪಾತ್ರೆ ತೊಳೆಯುತ್ತಾ ಶುರುಮಾಡಿದಳು: "ಒಂದೀಟು ಹತ್ರ ಇಟ್ಟಿದ್ರ ನಿನ್ನ ಗಂಟೇನ್ ಹೋಗ್ತಿತ್ತವ್ವಾ? ಮುದುಕ ಮನುಷ್ಯಾ. ನಿನ್ನ ಖರೇತನಕ್ಕ ಬೆಂಕಿ ಹತ್ತಲಿ."

ನಾನು ಬೆಳ್ಳುಳ್ಳಿ ಸುಲಿದೆ. ಚೆಂಡು ಇದ್ದದ್ದು ಆರು ಮೊಳ ದೂರದಲ್ಲಿ. ಬಗ್ಗಿ ನಿಂತ ಆ ಮನುಷ್ಯನ ಮುಖ ನೋಡಿ ಎರಡು ಮೊಳ ಹತ್ತಿರಕ್ಕೆ ಇಟ್ಟಿದ್ದೆ. ಮೂರು ಮೊಳ ಇಡಬೇಕಾಗಿತ್ತು. ರೂಢಿ ಇಲ್ಲದ ಕೈ.