ರವದಿಗೆ ನಾನು ಮಾಡಿದ ಪೂಜೆ

ಮೂವತ್ತು ವರ್ಷ ಜಮಖಂಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಹಸಿರುಮನೆ ಅನಿಲಗಳ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಉಳಿದಿಲ್ಲ ಎಂದು ದೃಢವಾಗಿ ನಂಬಿದ್ದೆ.

ನಿವೃತ್ತನಾದ ಮೇಲೆ ಹಿಪ್ಪರಗಿ ಹತ್ತಿರದ ನಮ್ಮೂರಿಗೆ ಬಂದು ಕಬ್ಬಿನ ಹೊಲ ನೋಡಿಕೊಳ್ಳತೊಡಗಿದೆ. ಕಬ್ಬು ಕಡಿದ ಮೇಲೆ ಹೊಲದ ತುಂಬ ಒಣಗಿದ ಎಲೆ ಮೊಣಕಾಲುಮಟ ಬಿದ್ದಿರುತ್ತದೆ. ಅದಕ್ಕೆ ರವದಿ ಎನ್ನುತ್ತೇವೆ. ಒಂದು ಕಡ್ಡಿ ಗೀರಿದರೆ ಅರ್ಧ ತಾಸಿನಲ್ಲಿ ಹೊಲ ಚೊಕ್ಕಟ, ಊರೆಲ್ಲ ಹೊಗೆ. ನನ್ನ ಹೊಲಕ್ಕೆ ಹತ್ತಿದಂತೆಯೇ ಭರಮಪ್ಪನ ಹೊಲ, ಅದರಲ್ಲೇ ಅವನ ಮನೆ. ಅವನ ತಾಯಿ ಚಂದವ್ವಾಯಿಗೆ ದಮ್ಮು. ಒಮ್ಮೆ ಎಲ್ಲೋ ದೂರದ ಹೊಲದ ಹೊಗೆಗೇ ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಉಸಿರಿಗಾಗಿ ಒದ್ದಾಡುವುದನ್ನು ನೋಡಿದೆ. ನನಗೆ ಬಹಳ ಸಂಕಟವಾಯಿತು. ಸಂಕಟವಾದರೆ ನಾನು ಭಾಷಣ ಮಾಡುತ್ತೇನೆ!

ಭರಮಪ್ಪನ ಮನೆಯ ಕಟ್ಟೆಯ ಮೇಲೆ ಹತ್ತು ಜನರನ್ನು ಕೂಡಿಸಿ ಶುರುಮಾಡಿದೆ. "ನಮ್ಮ ಭೂಮಿ ಒಂದು ಕೌದಿ ಹೊಚ್ಕೊಂಡೈತಿ. ನೀರಿನ ಆವಿ, ಕಾರ್ಬನ್ ಡೈಆಕ್ಸೈಡ್, ಮೀಥೇನ್, ಇವೆಲ್ಲಾ ಸೇರಿ ಆ ಕೌದಿ. ಬಿಸಲಿಗೆ ಕಾದ ನೆಲದ ಕಾವು ಸರಳ ಹೊರಗ ಹೋಗಗೊಡೂದಿಲ್ಲ. ಕೌದಿ ಇರಲಿಲ್ಲಂದ್ರ ಥಂಡಿಗೇ ಸಾಯತಿದ್ವಿ. ಆದ್ರ ಈಗ ನಾವು ಸುಟ್ಟು ಸುಟ್ಟು ಕೌದಿ ಮ್ಯಾಲ ಕೌದಿ ಹೊಚ್ಚಾಕತ್ತೇವಿ!"

ಭರಮಪ್ಪ ತಲೆ ಕೆರೆದುಕೊಂಡ. "ರವದಿ ಕೊಳತ್ರೂ ಅದ ಕಾರ್ಬನ್ ಗಾಳಿ ಬರತೈತಲ್ರಿ, ಮಾಸ್ತರ್ರ?"

ಮೂವತ್ತು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ ಇಂಥ ಪ್ರಶ್ನೆ ಕೇಳಿರಲಿಲ್ಲ! "ಬರತೈತಿ, ಖರೆ. ಆದ್ರ ಸಾವಕಾಶ ಬರತೈತಿ, ಒಂದಿಷ್ಟು ಮಣ್ಣಾಗ ಉಳಿತೈತಿ. ಸುಟ್ರ ಮಣ್ಣಿಗೆ ಏನೂ ಇಲ್ಲ, ನಿಮ್ಮ ಅವ್ವನ ಎದಿಗೆ ಹೊಗಿ. ನಾನಂತೂ ಈ ವರ್ಷ ಸುಡೂದಿಲ್ಲ," ಎಂದೆ.

ಭರಮಪ್ಪ ಒಳಗೆ ಕೂತಿದ್ದ ತಾಯಿಯ ಕಡೆ ನೋಡಿದ. "ಆತ್ರಿ. ಈ ವರ್ಷ ನಾನೂ ಸುಡೂದಿಲ್ಲ."

ನನಗೆ ಅಷ್ಟಕ್ಕೇ ಸಾಕಾಗಬೇಕಿತ್ತು. ಆಗಲಿಲ್ಲ. ಟ್ರ್ಯಾಕ್ಟರಿಗೆ ಜೋಡಿಸಿದ ರವದಿ ಪುಡಿಮಾಡುವ ಯಂತ್ರವನ್ನು ಮುಧೋಳದಿಂದ ತರಿಸಿದೆ. ಇಬ್ಬರ ಕಟಾವೂ ಮುಗಿದ ಮೇಲೆ ಒಂದು ಬೆಳಿಗ್ಗೆ ನನ್ನ ಹೊಲದಲ್ಲಿ ಉದ್ಘಾಟನೆ ಇಟ್ಟೆ. "ಬೆಂಕಿ ಬೇಡ" ಎಂದು ದಪ್ಪ ಅಕ್ಷರದ ಫ್ಲೆಕ್ಸ್ ಕಟ್ಟಿಸಿದೆ. ಹೊಸ ಕೆಲಸ, ಪೂಜೆ ಬೇಡವೇ? ಯಂತ್ರಕ್ಕೆ ಹಾರ, ನಿಂಬೆಹಣ್ಣು, ತೆಂಗಿನಕಾಯಿ, ಊದಿನಕಡ್ಡಿ, ಕರ್ಪೂರ, ಎಲ್ಲವೂ ಶಾಸ್ತ್ರೋಕ್ತವಾಗಿ ಸಿದ್ಧವಾದವು.

ಹೆಂಡತಿ ಶಾಂತಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಏನ್ರೀ, ರವದ್ಯಾಗ ನಿಂತು ಆರತಿ ಮಾಡತೀರೇನು? ಕುಂಕುಮ ಹಚ್ಚಿ ಕಾಯಿ ಒಡದ್ರ ಸಾಕ್ರಿ."

"ಮೂವತ್ತ ವರ್ಷ ವಿಜ್ಞಾನ ಕಲಿಸೇನಿ. ಕರ್ಪೂರ ಎಷ್ಟೊತ್ತು ಉರೀತೈತಿ ಅನ್ನೂದು ನನಗ ಗೊತ್ತಿಲ್ಲೇನು?"

ಗೊತ್ತಿತ್ತು. ಗಾಳಿ ಯಾವಾಗ ಬೀಸುತ್ತದೆ ಎಂಬುದು ಗೊತ್ತಿರಲಿಲ್ಲ.

ಆರತಿ ಎತ್ತಿದ್ದೇ ತಡ, ಕೃಷ್ಣೆಯ ಕಡೆಯಿಂದ ಗಾಳಿ ಬಂತು. ಉರಿಯುವ ಕರ್ಪೂರ ತಟ್ಟೆಯಿಂದ ಹಾರಿ ರವದಿಗೆ ಬಿತ್ತು. ನಾನು ಚಪ್ಪಲಿಯಿಂದ ತುಳಿದೆ. ತುಳಿದ ಹೊಡೆತಕ್ಕೆ ಕಿಡಿ ನಾಲ್ಕೂ ಕಡೆ ಚದುರಿತು! ನೀರಿನ ಮೋಟರು ಹಾಕೋಣವೆಂದರೆ ತ್ರೀ ಫೇಸ್ ಕರೆಂಟು ಬರುವುದು ಮಧ್ಯಾಹ್ನ. ಬೆಂಕಿಗೆ ಅಲ್ಲಿಯ ತನಕ ಕಾಯುವ ವ್ಯವಧಾನವಿರಲಿಲ್ಲ. ಕೊನೆಗೆ ಫ್ಲೆಕ್ಸ್ ಕಿತ್ತು ಅದರಿಂದ ಬಡಿದೆ. ಅದಕ್ಕೂ ಬೆಂಕಿ ಹತ್ತಿತು. "ಬೆಂಕಿ" ಎಂಬುದು ಉಳಿದು "ಬೇಡ" ಎಂಬುದು ಮೊದಲು ಸುಟ್ಟಿತು!

ಯಂತ್ರದ ಚಾಲಕ ಹಾರದ ಸಮೇತ ಯಂತ್ರ ಓಡಿಸಿಕೊಂಡು ಪಾರಾದ. ಉರಿ ಬದು ದಾಟಿ ಭರಮಪ್ಪನ ಹೊಲಕ್ಕೆ ಹೋಯಿತು. ಹೊಗೆ ಅವನ ಮನೆಗೆ ಹೋಯಿತು. ಭರಮಪ್ಪ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈಯಲು ಅವನು ಅಲ್ಲಿರಲೇ ಇಲ್ಲ, ಮನೆಯ ಕಡೆ ಓಡುತ್ತಿದ್ದ.

ಚಂದವ್ವಾಯಿಯನ್ನು ಎತ್ತಿಕೊಂಡು ಬಂದು ಕಾರಿನಲ್ಲಿ ಜಮಖಂಡಿಯ ಆಸ್ಪತ್ರೆಗೆ ಒಯ್ದರು. ಎರಡು ದಿನ ಆಕೆಯ ಮೂಗಿಗೆ ಆಮ್ಲಜನಕದ ನಳಿಕೆ ಇತ್ತು. ಆ ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ಆಸ್ಪತ್ರೆಗೆ ಹೋಗಿ ಮಂಚದ ಹತ್ತಿರ ನಿಂತೆ.

"ತಪ್ಪಾತ್ರಿ, ಆಯಿ," ಎಂದೆ.

ಆಕೆ ಉಸಿರು ಎಳೆದುಕೊಳ್ಳುತ್ತ ನಿಧಾನವಾಗಿ ಹೇಳಿದಳು. "ಪ್ರತಿ ವರ್ಷ ನನ್ನ ಮಗ ಸುಡೂ ಹಿಂದಿನ ದಿನ ಹೇಳತಿದ್ದ, ಮಾಸ್ತರ್ರ. ನಾ ಮುಧೋಳಕ್ಕ ಮಗಳ ಮನಿಗಿ ಹೋಗಿಬಿಡತಿದ್ನಿ. ಈ ವರ್ಷ ನೀವು ಸುಡೂದಿಲ್ಲ ಅಂದ್ರಿ. ನಂಬಿ ಮನ್ಯಾಗ ಕುಂತ್ನಿ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಅದು ಹೋದ ವರ್ಷದ ಮಾತು. ಈ ವರ್ಷ ನನ್ನ ಹೊಲದಲ್ಲಿ ರವದಿ ಸುಟ್ಟಿಲ್ಲ. ಭಾಷಣ ಇಲ್ಲ, ಫ್ಲೆಕ್ಸ್ ಇಲ್ಲ, ಪೂಜೆಯಂತೂ ಇಲ್ಲವೇ ಇಲ್ಲ. ಭರಮಪ್ಪನೂ ಸುಡದೆ ಬಿಟ್ಟಿದ್ದಾನೆ. ಆದರೂ ಕಟಾವು ಮುಗಿದ ಮರುದಿನ ಬೆಳಿಗ್ಗೆ ನೋಡಿದರೆ, ಚಂದವ್ವಾಯಿ ಕೈಚೀಲ ಹಿಡಿದು ಮುಧೋಳದ ಬಸ್ಸಿಗೆ ನಿಂತಿದ್ದಳು.

"ಯಾಕ್ರಿ ಆಯಿ? ಮಗ ಸುಡಾಕತ್ತಾನೇನ್ರಿ?"

"ಇಲ್ರಿ, ಅಂವ ಸುಡೂದು ಬಿಟ್ಟಾನ. ಆದ್ರ ನೀವು ಊರಾಗ ಅದೀರಲ್ರಿ, ಮಾಸ್ತರ್ರ!"

ಬಸ್ಸು ಬಂತು. ಕೈಚೀಲ ಎತ್ತಿಕೊಟ್ಟು ಬಂದೆ.